ವಿಕ್ಸಮ್‌ನಿಂದ ಫೋರ್ಡ್ ಹೋದ ಮೇಲೆ

ಡೆಟ್ರಾಯಿಟ್‌ನಿಂದ ಲ್ಯಾನ್ಸಿಂಗ್ ಕಡೆಗೆ ಐ-96 ಹೆದ್ದಾರಿಯಲ್ಲಿ ಹೋಗುವಾಗ ವಿಕ್ಸಮ್ ಬಳಿ ಈಗ ನಮಗೆ ಕಾಣುವುದು ಮೆನಾರ್ಡ್ಸ್ ಅಂಗಡಿ. 1957ರಿಂದ 2007ರವರೆಗೆ, ಬರೋಬ್ಬರಿ ಐವತ್ತು ವರ್ಷ, ಅಲ್ಲಿದ್ದದ್ದು ಫೋರ್ಡ್ ಕಾರ್ಖಾನೆ. ಲಿಂಕನ್ ಕಾರುಗಳ ತವರು. ಡಲ್ಲಾಸ್‌ನಲ್ಲಿ ಗುಂಡೇಟು ಬಿದ್ದಾಗ ಕೆನಡಿ ಕುಳಿತಿದ್ದ ಕಾಂಟಿನೆಂಟಲ್ ಕೂಡ ಮೊದಲು ಹೊರಬಂದದ್ದು ಇಲ್ಲಿಂದಲೇ!

ಕಾರ್ಖಾನೆ ಬಂದಾಗ ವಿಕ್ಸಮ್ ಇನ್ನೂ ನಗರವೇ ಆಗಿರಲಿಲ್ಲ. ಅದರ ತೆರಿಗೆಯಿಂದ ಊರು ಬೆಳೆಯಿತು. 2006ರ ಜನವರಿಯಲ್ಲಿ ಮುಚ್ಚುವ ಸುದ್ದಿ ಬಂತು. ಟೌನ್ ಕಾರ್ ತಯಾರಿಕೆ ಕೆನಡಾದ ಸೇಂಟ್ ಥಾಮಸ್‌ಗೆ ಹೋಯಿತು. 2011ರಲ್ಲಿ ಅಲ್ಲಿಯೂ ಬೀಗ. ವಾಹನೋದ್ಯಮದ ಅನ್ನ ಉಣ್ಣುವ ನಮ್ಮಂಥವರಿಗೆ ಇದು ಬರೀ ಸುದ್ದಿಯಲ್ಲ.

ಆದರೂ ವಿಕ್ಸಮ್ ಚೇತರಿಸಿಕೊಂಡಿತು. ಸುತ್ತ ಬೇರೆ ಉದ್ಯಮಗಳಿದ್ದವು. ಕಾರ್ಮಿಕರ ಮನೆಗಳು ಕಂಪನಿಯವಾಗಿರಲಿಲ್ಲ. ನಮಗೆ ನೆನಪಾಗುವುದು ಕೋಲಾರದ ಚಿನ್ನದ ಗಣಿ. 1902ರಲ್ಲೇ, ಬೆಂಗಳೂರಿಗಿಂತ ಮೂರು ವರ್ಷ ಮೊದಲು, ಶಿವನಸಮುದ್ರದ ವಿದ್ಯುತ್ ಅಲ್ಲಿಗೆ ತಲುಪಿತ್ತು. ಮನೆ, ನೀರು, ಆಸ್ಪತ್ರೆ ಎಲ್ಲವೂ ಗಣಿಯದೇ. ಹಾಗಾಗಿ 2001ರಲ್ಲಿ ಗಣಿ ಮುಚ್ಚಿದಾಗ ಹೋದದ್ದು ಸಂಬಳ ಮಾತ್ರವಲ್ಲ. ಸಯನೈಡ್ ದಿಬ್ಬಗಳು ಉಳಿದವು. ಗಾಳಿ ಬೀಸಿದರೆ ಅವುಗಳ ಧೂಳು ಊರೊಳಗೆ. ಇಂದಿಗೂ ಅಲ್ಲಿನ ಸಾವಿರಾರು ಜನ ನಸುಕಿನ ರೈಲು ಹಿಡಿದು ದುಡಿಮೆಗೆ ಬೆಂಗಳೂರಿಗೆ ಹೋಗಿಬರುತ್ತಾರೆ.