ಕೆಂಗೇರಿಯ ಆವಿಯಂತ್ರವೂ ತಾಯಿಚಿಟ್ಟೆಯೂ

ಇಂದು ಬೆಂಗಳೂರಿನ ಒಂದು ಬಡಾವಣೆಯೇ ಆಗಿಹೋಗಿರುವ ಕೆಂಗೇರಿಗೆ ರೇಷ್ಮೆಯ ಇತಿಹಾಸದಲ್ಲಿ ಒಂದು ಸ್ಥಾನವುಂಟು. ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ನೆಲೆಗೊಂಡ ರೇಷ್ಮೆಹುಳುವಿಗೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ರೋಗ ತಗುಲಿ, ಸಾಕುವವರು ಕಂಗೆಟ್ಟರು. ಆಗ, 1860ರ ದಶಕದಲ್ಲಿ, ಡಿ ವೆಚ್ಚಿ ಎಂಬ ಇಟಲಿಯವರು ಜಪಾನಿನಿಂದ ಹೊಸ ಮೊಟ್ಟೆಗಳನ್ನು ತರಿಸಿದರು. ಕೆಂಗೇರಿಯಲ್ಲಿ ಆವಿಯಂತ್ರದಿಂದ ನೂಲು ಬಿಚ್ಚುವ ಕಾರ್ಖಾನೆಯನ್ನು ತೆರೆದರು. ಆದರೆ ಆ ಉದ್ಯಮ ಇಲ್ಲಿ ಬೇರೂರಲಿಲ್ಲ.

ಅದೇ ದಶಕದಲ್ಲಿ ಯೂರೋಪಿನ ರೇಷ್ಮೆಯೂ ರೋಗದಿಂದ ನಾಶವಾಗುತ್ತಿತ್ತು. ಹುಳುವಿನ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳೇಳುತ್ತಿದ್ದುದರಿಂದ ಫ್ರಾನ್ಸಿನವರು ಅದನ್ನು ಪೆಬ್ರಿನ್ ಎಂದರು. ನಮ್ಮ ರೈತರು ಗಂಟುರೋಗವೆನ್ನುವುದು ಇದನ್ನೇ.

ರೋಗಕ್ಕೆ ಕಾರಣವಾದ ನೊಸೀಮಾ ಎಂಬ ಸೂಕ್ಷ್ಮಜೀವಿಗೆ 1857ರಲ್ಲಿಯೇ ನೇಗೆಲಿ ಎಂಬ ವಿಜ್ಞಾನಿ ಹೆಸರಿಟ್ಟಿದ್ದನು. ಇದು ಬ್ಯಾಕ್ಟೀರಿಯಾ ಅಲ್ಲ. ಶಿಲೀಂಧ್ರಗಳ ದೂರದ ಬಂಧು. ಜೀವಕೋಶದ ಹೊರಗೆ ಇದು ಬೆಳೆಯಲಾರದು. ಕೀಟದ ಕೋಶದಲ್ಲಿ ಬಿಡಾರ ಹೂಡುವ ಜೀವಿಗಳೆಲ್ಲ ವೈರಿಗಳೇನೂ ಅಲ್ಲ. ಗಿಡಹೇನಿನ ಕೋಶಗಳಲ್ಲಿರುವ ಬುಕ್ನೆರಾ ಎಂಬ ಬ್ಯಾಕ್ಟೀರಿಯಾ, ಪ್ರೋಟೀನಿಗೆ ಬೇಕಾದ ಅಮೈನೋ ಆಮ್ಲಗಳನ್ನು ತಾನೇ ತಯಾರಿಸಿ ಮನೆಯೊಡೆಯನಿಗೆ ಬಾಡಿಗೆ ತೆರುತ್ತದೆ. ನೊಸೀಮಾ ಅಂಥ ಬಾಡಿಗೆದಾರನಲ್ಲ. ಕೋಶದ ಶಕ್ತಿಯನ್ನು ಕದ್ದೇ ಬದುಕುತ್ತದೆ.

ರೇಷ್ಮೆಯೂ ಪ್ರೋಟೀನೇ ತಾನೆ? ನಾಲ್ಕು ಜ್ವರ ಕಳೆದೆದ್ದ ಹುಳು, ತಿಂದ ಹಿಪ್ಪುನೇರಳೆ ಸೊಪ್ಪಿನ ಸಾರವನ್ನು ರೇಷ್ಮೆ ಗ್ರಂಥಿಗಳಲ್ಲಿ ಎಳೆಯ ತಿರುಳಾದ ಫೈಬ್ರೋಯಿನ್ ಆಗಿಯೂ ಅಂಟಾದ ಸೆರಿಸಿನ್ ಆಗಿಯೂ ಮಾರ್ಪಡಿಸುತ್ತದೆ. ಆ ಗ್ರಂಥಿಯ ಕೋಶಗಳಲ್ಲಿ ಕಳ್ಳ ಸೇರಿದರೆ ಅಲ್ಲಲ್ಲಿ ಬಿಳಿಯ ಗುಳ್ಳೆಗಳೇಳುತ್ತವೆ; ನೂಲಾಗಬೇಕಾದದ್ದು ಕಳ್ಳನ ಸಂತಾನವಾಗುತ್ತದೆ. ಹುಳು ಗೂಡು ಕಟ್ಟುವ ಮುನ್ನವೇ ಸಾಯುತ್ತದೆ, ಇಲ್ಲವೆ ತೆಳ್ಳನೆಯ ಗೂಡು ಕಟ್ಟುತ್ತದೆ. ಇದಕ್ಕಿಂತ ಕೇಡಿನ ಸಂಗತಿಯೆಂದರೆ, ತಾಯಿಚಿಟ್ಟೆಯ ಅಂಡಾಶಯದ ಮೂಲಕ ರೋಗವು ಮೊಟ್ಟೆಯೊಳಗೇ ಇಳಿಯುವುದು.

1865ರಲ್ಲಿ ರಸಾಯನಶಾಸ್ತ್ರಜ್ಞ ಲೂಯಿ ಪಾಸ್ತರ್, ಗುರು ಡ್ಯೂಮಾ ಅವರ ಒತ್ತಾಯಕ್ಕೆ ಕಟ್ಟುಬಿದ್ದು ಫ್ರಾನ್ಸಿನ ಆಲೆಸ್ ಪಟ್ಟಣಕ್ಕೆ ಹೋದರು. ಅದಕ್ಕೆ ಮುಂಚೆ ಅವರು ರೇಷ್ಮೆಹುಳುವನ್ನು ಕೈಯಿಂದ ಮುಟ್ಟಿದವರಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡ ಕಣಗಳು ರೋಗದ ಲಕ್ಷಣವೇ ಹೊರತು ಕಾರಣವಲ್ಲವೆಂದು ಅವರು ಮೊದಲು ನಂಬಿದ್ದರು. 1868ರಲ್ಲಿ ಪಾರ್ಶ್ವವಾಯು ಬಡಿದರೂ ಕೆಲಸ ಬಿಡಲಿಲ್ಲ. 1870ರಲ್ಲಿ ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದರು. ಅವರು ಹೇಳಿದ ಉಪಾಯ ಬಹಳ ಸರಳ. ಪ್ರತಿಯೊಂದು ಚಿಟ್ಟೆಯೂ ಬೇರೆಬೇರೆಯಾಗಿ ಮೊಟ್ಟೆಯಿಡಲಿ. ಬಳಿಕ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ಕಣಗಳು ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡಿ.

ಹುಳುವನ್ನು ಗುಣಪಡಿಸುವ ಮದ್ದು ಇದಲ್ಲ. ಮುಂದಿನ ಪೀಳಿಗೆಯನ್ನು ಕಾಯುವ ಕಟ್ಟುಪಾಡು. ಮೈಸೂರು ಸೀಮೆಯ ಬಿತ್ತನೆ ಕೋಠಿಗಳೂ ಇದೇ ಪರೀಕ್ಷೆಯನ್ನು ಅಳವಡಿಸಿಕೊಂಡವು. ಮೈಸೂರಿನಲ್ಲಿ 1961ರಲ್ಲಿ ಸ್ಥಾಪನೆಯಾದ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಹೊಸ ಹೊಸ ತಳಿಗಳನ್ನು ಕೊಟ್ಟಿದೆ. ಆದರೆ ತಳಿ ಎಷ್ಟೇ ಉತ್ತಮವಾಗಿರಲಿ, ತಾಯಿಯನ್ನು ನೋಡದೆ ಮೊಟ್ಟೆ ಹಂಚುವಂತಿಲ್ಲ.

ದೂರದೇಶದ ಬಿತ್ತನೆ, ಆವಿಯ ಬಲ ಎರಡೂ ಕೆಂಗೇರಿಗೆ ಬಂದಿದ್ದವು. ಯಂತ್ರವಾದರೋ ಗೂಡಾದ ಮೇಲೆ ನೂಲು ಬಿಚ್ಚೀತು. ಗೂಡು ಕಟ್ಟಬೇಕಾದ ಕೋಶದೊಳಗೆ ಅದು ಇಣುಕಲಾರದು. ರಾಮನಗರದ ಮಾರುಕಟ್ಟೆಗೆ ಗೂಡು ಹೊತ್ತು ಬರುವ ರೈತನ ವರ್ಷದ ಅನ್ನ, ಯಾವುದೋ ಬಿತ್ತನೆ ಕೋಠಿಯಲ್ಲಿ ಒಬ್ಬರು ಬೇಸರಿಸದೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿರುವುದನ್ನು ಇಂದಿಗೂ ಅವಲಂಬಿಸಿದೆ.