ಕೈಪಿಡಿ ಬರೆದವರೂ ಕಟ್ಟಿದವರೇ



ಕಂಪ್ಯೂಟರಿನ ಇತಿಹಾಸವನ್ನು ಓದುವಾಗ ನಮಗೆ ಹೆಚ್ಚಾಗಿ ಸಿಗುವುದು ಯಂತ್ರ ಕಟ್ಟಿದವರ, ಪ್ರೋಗ್ರಾಂ ರಚಿಸಿದವರ ಹೆಸರುಗಳು. ಆ ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತದೆ, ಅದನ್ನು ಹೇಗೆ ಬಳಸಬೇಕು ಎಂಬುದನ್ನು ಇತರರಿಗೆ ತಿಳಿಯುವಂತೆ ಬರೆದವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶವು ಬೆಳೆದು ಬಂದ ದಾರಿಯನ್ನು ನೋಡಿದರೆ, ವಿವರಣೆ ಬರೆದವರ ಪಾಲು ಎಷ್ಟು ದೊಡ್ಡದೆಂಬುದು ಕಾಣುತ್ತದೆ. ಒಂದು ಪಾಠವನ್ನು ತರಗತಿಯಿಂದ ಹೊರಗಿಟ್ಟದ್ದೇ ಮುಂದೆ ಹೊಸ ವ್ಯವಸ್ಥೆಯೊಂದರ ಹುಟ್ಟಿಗೆ ಕಾರಣವಾಯಿತೆಂದರೆ ನಿಮಗೆ ಆಶ್ಚರ್ಯವಾದೀತು. ಆ ಕಥೆಯನ್ನು ಮೊದಲಿನಿಂದ ನೋಡೋಣ.

ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ರೂಪಿಸಿದರು. ಕಂಪ್ಯೂಟರಿನ ಎಲ್ಲ ಕೆಲಸಗಳನ್ನೂ ನಿಭಾಯಿಸುವ ಮೂಲ ತಂತ್ರಾಂಶಕ್ಕೆ ಕಾರ್ಯವ್ಯವಸ್ಥೆ ಎನ್ನುತ್ತಾರೆ. ಯುನಿಕ್ಸ್‌ನ ಮೊದಲ ಕೈಪಿಡಿ ಸಿದ್ಧವಾದದ್ದು 1971ರ ನವೆಂಬರ್ 3ರಂದು. ಅದನ್ನು ಬರೆದವರೂ ಅವರಿಬ್ಬರೇ. ಆ ಕೈಪಿಡಿಯಲ್ಲಿ ಒಂದು ವಿಶೇಷವಿತ್ತು. ಆಜ್ಞೆಯ ಹೆಸರು, ಬಳಸುವ ಕ್ರಮ, ವಿವರಣೆ ಇವುಗಳ ಜೊತೆಗೆ 'ಬಗ್ಸ್', ಅಂದರೆ ದೋಷಗಳು, ಎಂಬ ಭಾಗವನ್ನೂ ಇಟ್ಟಿದ್ದರು. ತಾವು ಮಾಡಿದ ವಸ್ತುವಿನಲ್ಲಿ ಏನು ಕೊರತೆಯಿದೆ ಎಂಬುದನ್ನು ತಾವೇ ಅಚ್ಚು ಹಾಕುವ ಪದ್ಧತಿ ಅದು. ಇದರ ಪರಿಣಾಮವನ್ನು ಅಲ್ಲಿನ ಹಿರಿಯ ವಿಜ್ಞಾನಿ ಡಗ್ಲಸ್ ಮೆಕಿಲ್‌ರಾಯ್ ಮುಂದೆ ನೆನಪಿಸಿಕೊಂಡಿದ್ದಾರೆ: ಕೈಪಿಡಿಯ ಹೊಸ ಆವೃತ್ತಿ ಹೊರಡುವ ಕಾಲ ಬಂದಾಗಲೆಲ್ಲ ಪ್ರಯೋಗಾಲಯದಲ್ಲಿ ಸಡಗರ. ಕುಂದುಗಳನ್ನು ಬರೆಯಲು ಕುಳಿತಾಗ, ಇದನ್ನು ಅಚ್ಚಿಗೆ ಕೊಡುವುದು ಹೇಗೆ ಎಂಬ ಸಂಕೋಚ ಹುಟ್ಟಿ, ಪ್ರೋಗ್ರಾಂ ಅನ್ನೇ ತಿದ್ದಿಬಿಡುತ್ತಿದ್ದರು. ಹೀಗೆ ಬರವಣಿಗೆಯೇ ಪ್ರೋಗ್ರಾಂ ಅನ್ನು ಪರೀಕ್ಷಿಸುವ ಒರೆಗಲ್ಲಾಯಿತು.

ಈಗ ಆಸ್ಟ್ರೇಲಿಯಾದತ್ತ ಬರೋಣ. ಅಲ್ಲಿನ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಲಯನ್ಸ್ ಎಂಬ ಅಧ್ಯಾಪಕರಿದ್ದರು. ಸಾಹಿತ್ಯದ ವಿದ್ಯಾರ್ಥಿಗಳು ದೊಡ್ಡ ಕೃತಿಗಳನ್ನು ಸಾಲುಸಾಲಾಗಿ ಓದುತ್ತಾರೆ. ಕಂಪ್ಯೂಟರ್ ವಿದ್ಯಾರ್ಥಿಗಳೂ ಒಂದು ನಿಜವಾದ ಕಾರ್ಯವ್ಯವಸ್ಥೆಯನ್ನು ಹಾಗೆಯೇ ಓದಬಾರದೇಕೆ? ಲಯನ್ಸ್ ತಮ್ಮ ವಿದ್ಯಾರ್ಥಿಗಳಿಗೆ ಈ ಅವಕಾಶವನ್ನು ಒದಗಿಸಿಕೊಟ್ಟರು. 1976-77ರ ಸುಮಾರಿಗೆ ಅವರು ಯುನಿಕ್ಸ್‌ನ ಆರನೆಯ ಆವೃತ್ತಿಯ ತಿರುಳಾದ ಸುಮಾರು 9,000 ಸಾಲುಗಳ ಮೂಲ ಸಂಕೇತವನ್ನು ಒಂದು ಸಂಪುಟದಲ್ಲಿ, ಅದರ ಮೇಲಿನ ತಮ್ಮ ವ್ಯಾಖ್ಯಾನವನ್ನು ಇನ್ನೊಂದರಲ್ಲಿ ಸಿದ್ಧಪಡಿಸಿದರು. ನಮ್ಮಲ್ಲಿ ಸೂತ್ರಗ್ರಂಥಕ್ಕೆ ಭಾಷ್ಯ ಬರೆಯುವ ಪರಂಪರೆ ನಿಮಗೆ ಗೊತ್ತಿದೆ. ಇದೂ ಅಂಥದೇ ಕೆಲಸ.

ಆದರೆ ಯುನಿಕ್ಸ್‌ನ ಒಡೆತನ ಎಟಿ ಅಂಡ್ ಟಿ ಕಂಪನಿಯದಾಗಿತ್ತು. 1979ರಲ್ಲಿ ಬಂದ ಏಳನೆಯ ಆವೃತ್ತಿಯ ಪರವಾನಗಿಯು, ಮೂಲ ಸಂಕೇತವನ್ನು ತರಗತಿಗಳಲ್ಲಿ ಪಾಠ ಮಾಡುವುದನ್ನು ನಿಷೇಧಿಸಿತು. ಲಯನ್ಸ್ ಅವರ ವ್ಯಾಖ್ಯಾನವೂ ಬಹಿರಂಗವಾಗಿ ಸಿಗದಂತಾಯಿತು. ಆಗ ವಿದ್ಯಾರ್ಥಿಗಳು ಏನು ಮಾಡಿದರು ಎಂದು ನೀವು ಊಹಿಸಬಲ್ಲಿರಿ. ಜೆರಾಕ್ಸ್ ಪ್ರತಿಯ ಜೆರಾಕ್ಸ್ ಪ್ರತಿ, ಅದರ ಮತ್ತೊಂದು ಪ್ರತಿ ಹೀಗೆ ಆ ಪುಸ್ತಕ ಕೈಯಿಂದ ಕೈಗೆ ದಾಟುತ್ತ ದೇಶದೇಶಗಳಿಗೆ ಹರಡಿತು. ಅದು ಎಲ್ಲರೂ ಕೊಳ್ಳಬಹುದಾದ ಮುದ್ರಿತ ಪುಸ್ತಕವಾಗಿ ಹೊರಬಂದದ್ದು 1996ರಲ್ಲಿ. ಲಯನ್ಸ್ ತೀರಿಕೊಂಡದ್ದು 1998ರಲ್ಲಿ.

ಈ ನಿಷೇಧದಿಂದ ಆದ ಇನ್ನೊಂದು ಪರಿಣಾಮವನ್ನು ಗಮನಿಸಿ. ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಆಂಡ್ರ್ಯೂ ಟಾನೆನ್‌ಬಾಮ್, ಯುನಿಕ್ಸ್ ಅನ್ನು ಪಾಠ ಮಾಡುವಂತಿಲ್ಲವಾದ್ದರಿಂದ ಮಿನಿಕ್ಸ್ ಎಂಬ ಪುಟ್ಟ ವ್ಯವಸ್ಥೆಯನ್ನು ತಾವೇ ಬರೆದು, 1987ರಲ್ಲಿ ಪಠ್ಯಪುಸ್ತಕದೊಡನೆ ಪ್ರಕಟಿಸಿದರು. ಅದನ್ನು ಓದಿದವರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಒಬ್ಬರು. 1991ರಲ್ಲಿ ಅವರು ಲಿನಕ್ಸ್ ಅನ್ನು ಆರಂಭಿಸಿದರು. 1992ರಲ್ಲಿ ಅದನ್ನು ಎಲ್ಲರೂ ಬಳಸಿ, ತಿದ್ದಿ, ಹಂಚಬಹುದಾದ ಗ್ನೂ ಪರವಾನಗಿಯಡಿ ತಂದರು. ನಾವು ಕೈಯಲ್ಲಿ ಹಿಡಿಯುವ ಆಂಡ್ರಾಯ್ಡ್ ಫೋನಿನ ಒಳಗೂ ಇರುವುದು ಇದೇ ಲಿನಕ್ಸ್‌ನ ತಿರುಳು.

ಮೂಲ ಸಂಕೇತ ತೆರೆದಿಟ್ಟರೆ ಸಾಕೇ? ಸಾಲದು. ಆರಂಭದ ದಿನಗಳಲ್ಲಿ ಲಿನಕ್ಸ್ ಅನ್ನು ಯಂತ್ರಕ್ಕೆ ಹಾಕುವುದೇ ಒಂದು ಸಾಹಸವಾಗಿತ್ತು. 1992ರಲ್ಲಿ ಮ್ಯಾಟ್ ವೆಲ್ಷ್, ಲಾರ್ಸ್ ವಿರ್ಜೇನಿಯಸ್, ಮೈಕೆಲ್ ಜಾನ್ಸನ್ ಎಂಬವರು ಲಿನಕ್ಸ್ ಡಾಕ್ಯುಮೆಂಟೇಶನ್ ಪ್ರಾಜೆಕ್ಟ್ ಅನ್ನು ಪ್ರಾರಂಭಿಸಿದರು. ಪ್ರಿಂಟರ್ ಜೋಡಿಸುವುದು ಹೇಗೆ, ಧ್ವನಿ ಬರಿಸುವುದು ಹೇಗೆ ಎಂಬಂಥ ಪ್ರಶ್ನೆಗಳಿಗೆ 'ಹೌ-ಟು' ಎಂಬ ಕಿರುಹೊತ್ತಗೆಗಳನ್ನು ಸ್ವಯಂಸೇವಕರು ಬರೆದರು. ತಾವು ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ ಎಂಬುದೇ ಅನೇಕ ಹೊತ್ತಗೆಗಳ ಪ್ರೇರಣೆ.

ಗ್ನೂ ಯೋಜನೆಯ ಸ್ಥಾಪಕ ರಿಚರ್ಡ್ ಸ್ಟಾಲ್ಮನ್ ಇದರ ತಾತ್ವಿಕ ಮುಖವನ್ನು ಎತ್ತಿ ತೋರಿದರು. ಪ್ರೋಗ್ರಾಂ ಬದಲಿಸುವ ಹಕ್ಕು ಇದ್ದು ಕೈಪಿಡಿ ಬದಲಿಸುವ ಹಕ್ಕು ಇಲ್ಲದಿದ್ದರೆ, ಹೊಸ ಪ್ರೋಗ್ರಾಂಗೆ ಹಳೆಯ ಕೈಪಿಡಿಯೇ ಗತಿ. ಆದ್ದರಿಂದ ಕೈಪಿಡಿಯೂ ಮುಕ್ತವಾಗಿರಬೇಕೆಂಬುದು ಅವರ ವಾದ. ಈ ಉದ್ದೇಶಕ್ಕಾಗಿ 2000ದಲ್ಲಿ ಗ್ನೂ ಮುಕ್ತ ದಾಖಲೆ ಪರವಾನಗಿ ಬಂತು. 2001ರಲ್ಲಿ ಆರಂಭವಾದ ವಿಕಿಪೀಡಿಯವೂ, ಆನಂತರ ಬಂದ ಕನ್ನಡ ವಿಕಿಪೀಡಿಯವೂ 2009ರವರೆಗೆ ನಡೆದದ್ದು ಈ ಪರವಾನಗಿಯ ಆಶ್ರಯದಲ್ಲೇ.

ಇನ್ನು, ದೂರದ ಒಬ್ಬ ಅಪರಿಚಿತನ ತಿದ್ದುಪಡಿ ಯೋಜನೆಯೊಳಗೆ ಸೇರುವುದು ಹೇಗೆ? ಎರಡು ಕಡತಗಳ ವ್ಯತ್ಯಾಸವನ್ನು ಸಾಲುಸಾಲಾಗಿ ತೋರಿಸುವ 'ಡಿಫ್' ಎಂಬ ಉಪಕರಣ 1974ರಲ್ಲಿ ಯುನಿಕ್ಸ್‌ಗೆ ಬಂತು. ತೆಗೆದ ಸಾಲು ಯಾವುದು, ಸೇರಿಸಿದ ಸಾಲು ಯಾವುದು ಎಂಬುದು ಅದರಲ್ಲಿ ಸ್ಪಷ್ಟ. ಆ ವ್ಯತ್ಯಾಸವನ್ನು ಇನ್ನೊಬ್ಬರ ಪ್ರತಿಗೆ ಅನ್ವಯಿಸುವ 'ಪ್ಯಾಚ್' ಅನ್ನು 1985ರಲ್ಲಿ ಲ್ಯಾರಿ ವಾಲ್ ರಚಿಸಿದರು. 2005ರಲ್ಲಿ ಟೊರ್ವಾಲ್ಡ್ಸ್ ಬರೆದ 'ಗಿಟ್' ಇಂಥ ಬದಲಾವಣೆಗಳ ಪೂರ್ತಿ ಚರಿತ್ರೆಯನ್ನು ಕಾಪಾಡುತ್ತದೆ. ಲಿನಕ್ಸ್‌ನಲ್ಲಿ ಕೈಪಿಡಿಯ ಕಡತಗಳು ಮೂಲ ಸಂಕೇತದ ಪಕ್ಕದಲ್ಲೇ ಇವೆ. ಒಂದು ವಾಕ್ಯ ತಿದ್ದಿದವರೂ, ಸಾವಿರ ಸಾಲು ಸಂಕೇತ ಬರೆದವರೂ ಒಂದೇ ಪರಿಶೀಲನೆಯ ಬಾಗಿಲಿನಿಂದ ಒಳಬರಬೇಕು. ಇಬ್ಬರ ಹೆಸರೂ ಒಂದೇ ದಾಖಲೆಯಲ್ಲಿ ಉಳಿಯುತ್ತದೆ.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಅನುಕೂಲವಿದೆ. ಪರಿಣತನಿಗೆ ಕಾಣದ ತೊಡಕು ಹೊಸಬನಿಗೆ ಕಾಣುತ್ತದೆ. ಕೈಪಿಡಿಯ ಹತ್ತು ಹೆಜ್ಜೆಗಳಲ್ಲಿ ನಾಲ್ಕನೆಯದು ಬಿಟ್ಟುಹೋಗಿದ್ದರೆ, ಎಡವುವವರು ನೀವೇ. ಯೋಜನೆಯ ಜಾಲತಾಣದಲ್ಲಿ ಹಳೆಯ ಆವೃತ್ತಿಯ ಸಂಖ್ಯೆ ಉಳಿದಿರಬಹುದು, ಕೊಂಡಿ ಮುರಿದಿರಬಹುದು. ತಿದ್ದುವ ಮೊದಲು ಆ ಹೆಜ್ಜೆಯನ್ನು ನಿಮ್ಮ ಯಂತ್ರದಲ್ಲಿ ಮಾಡಿ ನೋಡಿ. ಒಂದು ಸಲಕ್ಕೆ ಒಂದೇ ತಿದ್ದುಪಡಿ ಕಳುಹಿಸಿ. ಏನು ಬದಲಿಸಿದಿರಿ ಎನ್ನುವುದಕ್ಕಿಂತ ಏಕೆ ಬದಲಿಸಿದಿರಿ ಎಂಬುದನ್ನು ಎರಡು ಮಾತಿನಲ್ಲಿ ಬರೆಯಿರಿ. ಪರಿಶೀಲಕರು ಪ್ರಶ್ನೆ ಕೇಳಿದರೆ ಅದನ್ನು ಅವಮಾನವೆಂದು ತಿಳಿಯಬೇಡಿ. ಗ್ನೋಮ್, ಕೆಡಿಇಯಂಥ ಯೋಜನೆಗಳಲ್ಲಿ ಕನ್ನಡ ಅನುವಾದದ ಕೆಲಸವೂ ನಡೆದಿದೆ. ಕನ್ನಡವನ್ನು ಸರಳವಾಗಿ ಬರೆಯಬಲ್ಲವರಿಗೆ ಅಲ್ಲಿ ಕೆಲಸಕ್ಕೇನೂ ಕಡಿಮೆಯಿಲ್ಲ.

ಲಯನ್ಸ್ ಅವರ ಪುಟಗಳನ್ನು ಮಸಕಾದ ಪ್ರತಿಗಳಲ್ಲಿ ಓದಿದ ಆ ಕಾಲದ ವಿದ್ಯಾರ್ಥಿಗಳಿಗೆ ಮೂಲವನ್ನು ತಿದ್ದಿ ಎಲ್ಲರಿಗೂ ಹಂಚುವ ಹಕ್ಕು ಇರಲಿಲ್ಲ. ನಿಮಗೆ ಇದೆ. ಮುಂದಿನ ಸಲ ಯಾವುದಾದರೂ ಮುಕ್ತ ತಂತ್ರಾಂಶದ ಕೈಪಿಡಿಯಲ್ಲಿ ಒಂದು ಸಾಲು ಅರ್ಥವಾಗದಿದ್ದರೆ, ನನಗೇ ತಿಳಿಯದು ಎಂದು ಪುಟ ಮುಚ್ಚಬೇಡಿ. ಕೇಳಿ ತಿಳಿದುಕೊಳ್ಳಿ, ತಿಳಿದ ಮೇಲೆ ಆ ಸಾಲನ್ನು, ನಿಮ್ಮ ನಂತರ ಬರುವವರಿಗೆ ಅರ್ಥವಾಗುವಂತೆ, ಬರೆದು ಕಳುಹಿಸಿ.