ಅಣುಜೀವಿಯ ಬುತ್ತಿ

ವಾರಣಾವತದ ಅರಗಿನ ಮನೆಯ ಕಥೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಆ ಅರಗು, ಮರದ ಕೊಂಬೆಗಳನ್ನು ಕಚ್ಚಿಕೊಂಡು ಬದುಕುವ ಒಂದು ಸಣ್ಣ ಕೀಟದ ಸ್ರಾವ. ಕಾಯಿಸಿದರೆ ಮೆತ್ತಗಾಗಿ, ಒತ್ತಿದ ಆಕಾರವನ್ನು ತಾಳಿ, ಆರಿದೊಡನೆ ಗಟ್ಟಿಯಾಗುತ್ತದೆ. ಪ್ಲಾಸ್ಟಿಕ್ಕಿಗೆ ಆ ಹೆಸರು ಬಂದುದು ಇಂಥ ಗುಣದಿಂದಲೇ. ಚನ್ನಪಟ್ಟಣದ ಬೊಂಬೆಗಳ ಹೊಳಪು ಅರಗಿನದು. ನಾನು ಚಿಕ್ಕಂದಿನಲ್ಲಿ ಬೆರಗಿನಿಂದ ನೋಡುತ್ತಿದ್ದ, ಕೈಜಾರಿದರೆ ಹಂಚಿನಂತೆ ಒಡೆಯುತ್ತಿದ್ದ ಗ್ರಾಮಫೋನಿನ ಕರಿಯ ತಟ್ಟೆಗಳಲ್ಲಿಯೂ ಅದೇ ಇದ್ದಿತು.

ವಿದ್ಯುತ್ತಿನ ಕಾಲ ಬಂದಿತು. ತಂತಿಗಳಿಗೆ ಬಳಿಯಲು ಅರಗು ಸಾಲದಾಯಿತು. ಅದಕ್ಕೆ ಬದಲಿಯನ್ನು ಹುಡುಕುತ್ತಿದ್ದ ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಬೇಕಲೈಟನ್ನು ಪಡೆದನು. ಅದಕ್ಕೂ ಮೊದಲು, 1860ರ ದಶಕದಲ್ಲಿ, ಬಿಲಿಯರ್ಡ್ಸ್ ಚೆಂಡಿಗೆ ಆನೆಯ ದಂತದ ಬದಲಿ ತಂದವರಿಗೆ 10,000 ಡಾಲರ್ ಬಹುಮಾನವೆಂದು ಅಮೆರಿಕದಲ್ಲಿ ಸಾರಿದ್ದರು. ಜಾನ್ ಹಯಾತನ ಸೆಲ್ಯುಲಾಯ್ಡ್ ಹುಟ್ಟಿದ್ದು ಆ ಹುಡುಕಾಟದಲ್ಲಿ. ಪ್ಲಾಸ್ಟಿಕ್ಕಿಗೆ ಬದಲಿ ಎಲ್ಲಿ ಎಂದು ಕೇಳುವ ನಮಗೆ, ಪ್ಲಾಸ್ಟಿಕ್ಕೇ ಬದಲಿಯಾಗಿ ಬಂದದ್ದೆಂಬುದು ಮರೆತುಹೋಗಿದೆ. ಇದೊಂದು ವಿನೋದ. ನಾವು ಕೇಳುತ್ತಿರುವ ಬದಲಿಯೊಂದು ಸುಮಾರು ನೂರು ವರ್ಷಗಳ ಹಿಂದೆಯೇ ಕಣ್ಣಿಗೆ ಬಿದ್ದಿತ್ತೆಂಬುದು ಮಾತ್ರ ವಿನೋದವಲ್ಲ.

ಫ್ರಾನ್ಸಿನ ಪಾಸ್ತರ್ ಸಂಸ್ಥೆಯಲ್ಲಿದ್ದ ಮೋರಿಸ್ ಲೆಮ್ವಾನ್, ಬ್ಯಾಸಿಲಸ್ ಮೆಗಟೀರಿಯಂ ಎಂಬ ಅಣುಜೀವಿಯೊಳಗಿನ ಒಂದು ವಸ್ತುವನ್ನು 1926ರ ವೇಳೆಗೆ ಬೇರ್ಪಡಿಸಿ ಗುರುತಿಸಿದನು. ಪಾಲಿಹೈಡ್ರಾಕ್ಸಿಬ್ಯುಟಿರೇಟ್ ಎಂಬ ಅದರ ಹೆಸರು ನಾಲಗೆಗೆ ತೊಡಕು, ಪಿ.ಎಚ್.ಬಿ. ಎನ್ನೋಣ. ಸಕ್ಕರೆ ಧಾರಾಳವಾಗಿದ್ದು ಸಾರಜನಕವೋ ರಂಜಕವೋ ಸಾಲದೆ ಹೋದಾಗ ಕೆಲವು ಅಣುಜೀವಿಗಳು ಸಂತಾನವನ್ನು ಹೆಚ್ಚಿಸಲಾರವು. ಆಗ ಅವು, ಮುಂದಿನ ಬರಗಾಲಕ್ಕೆಂದು ಬುತ್ತಿ ಕಟ್ಟಿಕೊಂಡಂತೆ, ತಮ್ಮ ಮೈಯೊಳಗೆ ಸಣ್ಣ ಹರಳುಗಳನ್ನು ಕೂಡಿಡುತ್ತವೆ. ಆ ಹರಳೇ ಪಿ.ಎಚ್.ಬಿ. ಅದನ್ನು ಹೊರತೆಗೆದು ಕರಗಿಸಿದರೆ ಅಚ್ಚಿಗೆ ಹೊಯ್ಯಬಹುದು. ಮಣ್ಣಿಗೆ ಸೇರಿಸಿದರೆ ಅಲ್ಲಿಯ ಅಣುಜೀವಿಗಳು ಕ್ರಮೇಣ ಅದನ್ನು ತಿಂದು ತೀರಿಸುತ್ತವೆ.

ಇಷ್ಟು ತಿಳಿದೂ ಯಾರೂ ಅದರಿಂದ ಒಂದು ಗುಂಡಿಯನ್ನೂ ಮಾಡಲಿಲ್ಲ. ನೆಲದಿಂದ ಎಣ್ಣೆ ಅಗ್ಗವಾಗಿ ಉಕ್ಕುತ್ತಿದ್ದಾಗ ಅಣುಜೀವಿಯನ್ನು ಸಾಕುವವರು ಯಾರು? 1950ರ ದಶಕದ ಕೊನೆಯಲ್ಲಿ ಅಮೆರಿಕದ ಗ್ರೇಸ್ ಕಂಪನಿ ಯತ್ನಿಸಿ ಕೈಬಿಟ್ಟಿತು. 1973ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆಯೇ ಇಂಗ್ಲೆಂಡಿನ ಐ.ಸಿ.ಐ. ಕಂಪನಿಗೆ ಇದರಲ್ಲಿ ಆಸಕ್ತಿ ಕುದುರಿದ್ದು. ಶುದ್ಧ ಪಿ.ಎಚ್.ಬಿ. ಬಾಗಿಸಿದರೆ ಮುರಿಯುವಷ್ಟು ಪೆಡಸು. ಅಲ್ಲಿಯ ವಿಜ್ಞಾನಿಗಳು ಅಣುಜೀವಿಯ ಆಹಾರದಲ್ಲಿ ಗ್ಲೂಕೋಸಿನ ಜತೆಗೆ ಪ್ರೊಪಿಯಾನಿಕ್ ಆಮ್ಲವನ್ನೂ ಬೆರೆಸಿದರು. ಬುತ್ತಿಯ ಗುಣವೇ ಬದಲಾಗಿ, ಬಳುಕುವ ಪ್ಲಾಸ್ಟಿಕ್ ದೊರೆಯಿತು. ಒಣಗಿಸಿ ತೂಗಿದಾಗ ಅಣುಜೀವಿಯ ತೂಕದಲ್ಲಿ ನೂರಕ್ಕೆ 80 ಪಾಲಿನವರೆಗೆ ಈ ವಸ್ತುವೇ ಇರುವಂತೆ ಬೆಳೆಸುವುದನ್ನೂ ಕಲಿತರು. ಬಯೋಪಾಲ್ ಎಂಬ ಹೆಸರಿನ ಈ ಪ್ಲಾಸ್ಟಿಕ್ಕಿನ ಶಾಂಪೂ ಸೀಸೆಗಳನ್ನು 1990ರಲ್ಲಿ ಜರ್ಮನಿಯ ವೆಲ್ಲಾ ಸಂಸ್ಥೆ ಮಾರಾಟಕ್ಕೆ ತಂದಿತು.

ಬೆಲೆ ಮಾತ್ರ ಸಾಮಾನ್ಯ ಪ್ಲಾಸ್ಟಿಕ್ಕಿನ ಹಲವು ಪಟ್ಟು. ಈ ಹೋಲಿಕೆಯ ಲೆಕ್ಕವನ್ನು ನಾನು ಒಪ್ಪಲಾರೆ. ಕಟ್ಟಿದ ಚರಂಡಿಯನ್ನು ಬಗೆಯುವವನ ಕೂಲಿ, ಚೀಲಗಳನ್ನು ನುಂಗಿದ ಹಸುವಿನ ಹೊಟ್ಟೆ ಕೊಯ್ಯುವ ವೈದ್ಯನ ಶ್ರಮ, ಇವು ಆ ಅಗ್ಗದ ಬೆಲೆಯೊಳಗೆ ಎಲ್ಲಿ ಸೇರಿವೆ? ಮಾರುಕಟ್ಟೆಗೆ ಈ ಪ್ರಶ್ನೆ ಕೇಳಿಸಲಿಲ್ಲ. 1996ರಲ್ಲಿ ಬಯೋಪಾಲನ್ನು ಕೊಂಡ ಮಾನ್ಸಾಂಟೊ, ಗಿಡಗಳಲ್ಲಿಯೇ ಅದನ್ನು ಬೆಳೆಸಲು ಹೋಗಿ, ಆ ದಶಕ ಮುಗಿಯುವ ಮುನ್ನವೇ ಕೆಲಸವನ್ನು ನಿಲ್ಲಿಸಿತು.

ಭಾರತದಲ್ಲಿ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು 2022ರ ಜುಲೈ 1ರಿಂದ ನಿಷೇಧಿಸಿದ ಮೇಲೆ ಹಸಿರು ಅಕ್ಷರಗಳ ಚೀಲಗಳು ಅಂಗಡಿಗಳಲ್ಲಿ ಹೆಚ್ಚಿವೆ. ಅವುಗಳಲ್ಲಿ ಕೆಲವಕ್ಕೆ ಬೆರೆಸುವ, ಮೆಕ್ಕೆಜೋಳದಂಥ ಬೆಳೆಯಿಂದ ಪಡೆದ ಪಾಲಿಲ್ಯಾಕ್ಟಿಕ್ ಆಮ್ಲ ಬೇರೆಯೇ ಜಾತಿಯದು. ಅದು ಬೇಗ ಕೊಳೆಯಬೇಕಾದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಗೊಬ್ಬರದ ಕಾರ್ಖಾನೆ ಬೇಕು. ಬೀದಿಯ ತಿಪ್ಪೆಯಲ್ಲಿ ಅದು ವರ್ಷಗಟ್ಟಲೆ ಹಾಗೆಯೇ ಬಿದ್ದಿರಬಲ್ಲುದು.